ತಲೆ ಕಡಿಯುವ ಕ್ರಿಯಾಪದಗಳು: ಬರೆಯುವವರಿಗೂ ಅನುವಾದಕರಿಗೂ ಒಂದು ಕೈಪಿಡಿ

ಇಂಗ್ಲಿಷಿನಲ್ಲಿ ‘ಡಿಕೊಲೇಟ್’ ಎಂಬ ಅಪರೂಪದ ಕ್ರಿಯಾಪದವಿದೆ. ಲ್ಯಾಟಿನ್ನಿನ ‘ಕೊಲ್ಲುಮ್’, ಅಂದರೆ ಕತ್ತು, ಅದರ ಮೂಲ. (ನಮ್ಮ ‘ಕೊಲ್ಲು’ವಿಗೂ ಅದಕ್ಕೂ ಯಾವ ನಂಟೂ ಇಲ್ಲ.) ಅದಕ್ಕೆ ಸಮಾನ ಪದ ಹುಡುಕಿ ನಿಘಂಟು ತೆರೆದರೆ ಸಿಗುವುದು ಸಾಮಾನ್ಯವಾಗಿ ‘ಶಿರಚ್ಛೇದ ಮಾಡು’ ಒಂದೇ. ಅದನ್ನೇ ಎಲ್ಲ ಕಡೆ ಅಂಟಿಸಿದರೆ ಯಕ್ಷಗಾನದ ಪ್ರಸಂಗ, ಪೊಲೀಸ್ ವರದಿ, ಚರಿತ್ರೆಯ ಪಾಠ, ಮೀನಿನ ಅಡುಗೆ ಎಲ್ಲಕ್ಕೂ ಒಂದೇ ದನಿ ಬಂದುಬಿಡುತ್ತದೆ.

ಈ ಕೆಲಸಕ್ಕೆ ಕನ್ನಡದಲ್ಲಿ ಒಂಟಿ ಕ್ರಿಯಾಪದ ಇಲ್ಲ. ತಲೆ, ಶಿರ, ರುಂಡ, ಮಂಡೆ ಇವುಗಳಲ್ಲೊಂದು ನಾಮಪದ, ಅದರ ಪಕ್ಕಕ್ಕೆ ಕಡಿ, ತರಿ, ತೆಗೆ, ಹಾರಿಸು ಮುಂತಾದವುಗಳಲ್ಲೊಂದು ಕ್ರಿಯೆ, ಎರಡನ್ನೂ ಜೋಡಿಸಬೇಕು. ಆಯ್ಕೆಗೆ ಮುಂಚೆ ಮೂರು ಸಂಗತಿ ಗೊತ್ತಿರಲಿ. ಆಯುಧ ಯಾವುದು? ಕಡಿದದ್ದು ಯಾರು, ಕಡಿಸಿದ್ದು ಯಾರು? ತಲೆ ಪೂರ್ತಿ ಬೇರೆಯಾಯಿತೇ, ಇಲ್ಲವೇ? ಈ ಮೂರಕ್ಕೆ ಉತ್ತರ ಸಿಕ್ಕಮೇಲೆ ಉಳಿಯುವ ಪದ ಹೆಚ್ಚೆಂದರೆ ಎರಡು.

ಆಯುಧ ನೋಡಿ ಕ್ರಿಯಾಪದ

‘ಕಡಿ’ಗೆ ಬೀಸಿ ಹಾಕುವ ಏಟು ಬೇಕು. ಕೊಡಲಿ, ಮಚ್ಚು, ಕತ್ತಿ ಯಾವುದಾದರೂ ಆದೀತು. ತೋಳು ಮೇಲೆದ್ದು ಕೆಳಗಿಳಿಯಬೇಕು. ತಂದೆಯ ಮಾತಿಗೆ ಪರಶುರಾಮ ರೇಣುಕೆಯ ತಲೆ ‘ಕಡಿದ’ ಎನ್ನುವುದು ಸರಿ, ಅವನ ಕೈಯಲ್ಲಿರುವುದು ಕೊಡಲಿ. ‘ಕೊಯ್’ಗೆ ಅಲಗು ಒತ್ತಿ ಎಳೆಯುವ ಚಲನೆ ಬೇಕು: ಚೂರಿ, ಕುಡುಗೋಲು. ‘ಕತ್ತರಿಸು’ ನಡುವಿನದು. ಕತ್ತರಿ, ಯಂತ್ರ, ಚಕ್ರ, ಹೇಗೆ ತುಂಡಾಯಿತೆಂದು ಹೇಳಬೇಕಿಲ್ಲದ ಕಡೆ ಎಲ್ಲಕ್ಕೂ ಒಗ್ಗುತ್ತದೆ. ಶಿಶುಪಾಲನ ತಲೆಯನ್ನು ಚಕ್ರ ಕತ್ತರಿಸಿತು ಎಂದರೆ ಕಿವಿಗೆ ಕೆಡುಕೆನಿಸದು. ‘ಕೊಚ್ಚು’ ಎಂದರೆ ಒಂದಕ್ಕಿಂತ ಹೆಚ್ಚು ಏಟು, ಅಚ್ಚುಕಟ್ಟಿಲ್ಲದ ಕೆಲಸ. ‘ತರಿ’ ಬೀಸುಗತ್ತಿಯ ಮಾತು, ಒಂದರ ಹಿಂದೊಂದು ಉರುಳುವಾಗಿನದು.

‘ಹಾರಿಸು’, ‘ಎಗರಿಸು’ ಇವೆರಡರ ಕಣ್ಣು ಆಯುಧದ ಮೇಲಲ್ಲ, ತಲೆ ಹೋದ ದಾರಿಯ ಮೇಲೆ. ಸೈಂಧವನ ಪ್ರಸಂಗದಲ್ಲಿ ಅರ್ಜುನನ ಬಾಣ ತಲೆಯನ್ನು ಹೊತ್ತುಕೊಂಡು ಹೋಗಿ ಅವನ ತಂದೆ ವೃದ್ಧಕ್ಷತ್ರನ ತೊಡೆಯ ಮೇಲೆ ಕೆಡವಬೇಕು. ಅಲ್ಲಿ ‘ಕಡಿದ’ ಎಂದು ಬರೆದರೆ ತಲೆ ರಣರಂಗದಲ್ಲೇ ಬಿದ್ದುಹೋಗುತ್ತದೆ, ಮುಂದಿನ ಕಥೆಗೆ ತಳವೇ ಇರುವುದಿಲ್ಲ. ‘ಹಾರಿಸಿದ’ ಎಂದರೆ ಕಥೆ ಸಾಗುತ್ತದೆ.

ಆಯುಧವೇ ಇಲ್ಲದ ಸಂದರ್ಭವೂ ಉಂಟು. ಬ್ರಹ್ಮನ ಐದನೆಯ ತಲೆಯನ್ನು ಭೈರವ ತೆಗೆದದ್ದು ಉಗುರಿನಿಂದ. ಅದಕ್ಕೆ ‘ಚಿವುಟು’ ಒಂದೇ ತಕ್ಕ ಪದ. ಹೂವಿನ ಮೊಗ್ಗನ್ನು ತೆಗೆದಷ್ಟು ಸಲೀಸಾಗಿ ತೆಗೆದ ಎಂಬ ಭಾವ ಬರುವುದೂ ಅದರಿಂದಲೇ. ‘ಶಿರಚ್ಛೇದ ಮಾಡಿದ’ ಎಂದು ಬರೆದವರು ಆ ಕಥೆಯ ಅರ್ಧ ರುಚಿಯನ್ನು ಚೆಲ್ಲಿದ ಹಾಗೆ.

ಕತ್ತು ಕೊಯ್ದರೆ ತಲೆ ಹೋಗಿರಬೇಕೆಂದೇನೂ ಇಲ್ಲ

ವರದಿಗಳಲ್ಲಿ ಅತಿ ಹೆಚ್ಚು ಎಡವುವುದು ಇಲ್ಲಿ. ‘ಕತ್ತು ಕೊಯ್ದು ಕೊಲೆ’, ‘ಕುತ್ತಿಗೆ ಸೀಳಿ ಕೊಲೆ’ ಎಂದರೆ ಗಾಯ ಕುತ್ತಿಗೆಯಲ್ಲಿದೆ, ತಲೆ ಮುಂಡಕ್ಕೆ ಅಂಟಿಕೊಂಡೇ ಇದೆ. ತಲೆ ಬೇರೆಯಾಗಿದ್ದರೆ ‘ತಲೆ ಕಡಿದು’, ‘ತಲೆ ತುಂಡರಿಸಿ’ ಎನ್ನಬೇಕು. ಒಂದರ ಬದಲು ಇನ್ನೊಂದು ಬರೆದರೆ ಅದು ಶೈಲಿಯ ದೋಷವಲ್ಲ, ಸುದ್ದಿಯೇ ತಪ್ಪು. ಜೊತೆಗೆ ‘ಕುತ್ತಿಗೆ ಕೊಯ್ಯು’ ಮೋಸಕ್ಕೂ ಸಲ್ಲುವ ನುಡಿಗಟ್ಟು. ‘ನಂಬಿಸಿ ಕುತ್ತಿಗೆ ಕೊಯ್ದ’ ಎಂದರೆ ಓದುಗ ಪೊಲೀಸರನ್ನಲ್ಲ, ಚೀಟಿ ವ್ಯವಹಾರವನ್ನು ನೆನೆಯುತ್ತಾನೆ.

ಯಾವುದು ಮೊದಲು ನಡೆಯಿತು ಎಂಬುದನ್ನೂ ಕನ್ನಡದ ಕೃದಂತ ಸದ್ದಿಲ್ಲದೆ ಹೇಳಿಬಿಡುತ್ತದೆ. ‘ತಲೆ ಕಡಿದು ಕೊಂದಿದ್ದಾರೆ’ ಎಂದರೆ ತಲೆ ಕಡಿದದ್ದರಿಂದಲೇ ಸಾವು. ‘ಕೊಂದು ತಲೆ ಕಡಿದಿದ್ದಾರೆ’ ಎಂದರೆ ಸತ್ತಮೇಲೆ ಕಡಿದದ್ದು. ಮರಣೋತ್ತರ ಪರೀಕ್ಷೆಯ ವರದಿ ಬರುವ ಮುನ್ನ ಈ ಎರಡರಲ್ಲಿ ಯಾವುದನ್ನೂ ಬರೆಯುವಂತಿಲ್ಲ. ‘ರುಂಡವಿಲ್ಲದ ಶವ ಪತ್ತೆ’ ಎಂದು ನಿಲ್ಲಿಸುವುದೇ ಕ್ಷೇಮ. ‘ತಲೆಯಿಲ್ಲದ’ ಎಂದೂ ಬರೆಯಬಹುದು, ಆದರೆ ಮನುಷ್ಯನಿಗೆ ಹೇಳಿದಾಗ ಅದು ಬುದ್ಧಿಯಿಲ್ಲದವ ಎಂಬರ್ಥಕ್ಕೆ ಜಾರುತ್ತದೆ. ಶವ, ದೇಹ ಎಂಬ ಪದದ ಜೊತೆಗೆ ಮಾತ್ರ ಬಳಸಿ.

ರೈಲಿಗೆ ಸಿಕ್ಕವರ, ಅಪಘಾತದಲ್ಲಿ ಸತ್ತವರ ಸುದ್ದಿಯಲ್ಲಿ ‘ಶಿರಚ್ಛೇದ’ ಬೇಡವೇ ಬೇಡ. ಶಿರಚ್ಛೇದಕ್ಕೆ ಮಾಡುವವನೊಬ್ಬ ಇರಬೇಕು, ಅವನಿಗೆ ಉದ್ದೇಶ ಇರಬೇಕು. ಅಪಘಾತದಲ್ಲಿ ‘ರುಂಡ ಬೇರ್ಪಟ್ಟಿದೆ’, ‘ತಲೆ ತುಂಡಾಗಿದೆ’ ಎಂದಷ್ಟೇ ಬರೆಯುವುದು.

ವಾಕ್ಯ ಕಟ್ಟುವಾಗ ವಿಭಕ್ತಿ

‘ಸೇನಾಪತಿಯನ್ನು ಶಿರಚ್ಛೇದ ಮಾಡಿದರು’ ಎಂಬ ವಾಕ್ಯ ಅನುವಾದಗಳಲ್ಲಿ ಬೇಕಾದಷ್ಟು ಸಿಗುತ್ತದೆ. ಇಂಗ್ಲಿಷಿನ ಕ್ರಿಯಾಪದಕ್ಕೆ ಮನುಷ್ಯನೇ ಕರ್ಮ, ಅದರ ನೆರಳು ಇದು. ಕನ್ನಡದಲ್ಲಿ ಕಡಿಯುವುದು ತಲೆಯನ್ನು, ಮನುಷ್ಯನಿಗೆ ಷಷ್ಠಿ: ‘ಸೇನಾಪತಿಯ ಶಿರಚ್ಛೇದ ಮಾಡಿದರು’, ‘ಸೇನಾಪತಿಯ ತಲೆ ಕಡಿದರು’. ‘ತಲೆಯನ್ನು ಶಿರಚ್ಛೇದ ಮಾಡಿದರು’ ಎಂದು ಬರೆದವರೂ ಇದ್ದಾರೆ. ಅಲ್ಲಿ ತಲೆಗೇ ಇನ್ನೊಂದು ತಲೆ ಹುಟ್ಟಿಕೊಂಡಿದೆ.

‘ಕಡಿಯಲ್ಪಟ್ಟಿತು’ ಬೇಡ. ಯಾರೆಂದು ಹೇಳಬೇಕಿಲ್ಲದಿದ್ದರೆ ಕರ್ತೃವನ್ನು ಬಿಟ್ಟು ‘ಕಡಿದರು’ ಎನ್ನಿ. ಘಟನೆಯಷ್ಟೇ ಸಾಕಿದ್ದರೆ ‘ತಲೆ ಉರುಳಿತು’, ‘ತಲೆ ಹೋಯಿತು’ ಎನ್ನಬಹುದು.

ರಾಜರ ಕಥೆಯಲ್ಲಿ ಪ್ರೇರಣಾರ್ಥಕ ತಪ್ಪಬಾರದು. ಸಿಂಹಾಸನದಲ್ಲಿ ಕೂತವನು ಸಾಮಾನ್ಯವಾಗಿ ಕಡಿಯುವುದಿಲ್ಲ, ‘ಕಡಿಸುತ್ತಾನೆ’, ‘ತೆಗೆಸುತ್ತಾನೆ’, ‘ಹೊಡೆಸುತ್ತಾನೆ’. 1565ರ ಜನವರಿಯ ತಾಳಿಕೋಟೆ ಕಾಳಗದಲ್ಲಿ ಸೆರೆಸಿಕ್ಕ ಅಳಿಯ ರಾಮರಾಯನ ತಲೆ ಹೋದದ್ದು ಅಹಮದ್‌ನಗರದ ಹುಸೇನ್ ನಿಜಾಮ್ ಶಾಹನ ಕೈಕೆಳಗೆ. ಸುಲ್ತಾನ ತಾನೇ ಕತ್ತಿ ಎತ್ತಿದನೋ, ಬೇರೆಯವರ ಕೈಯಲ್ಲಿ ಮಾಡಿಸಿದನೋ ಎಂಬುದನ್ನು ಎಲ್ಲರೂ ಒಂದೇ ರೀತಿ ಹೇಳುವುದಿಲ್ಲ. ಹಾಗಾಗಿ ‘ರಾಮರಾಯನ ತಲೆ ಕಡಿದು ಈಟಿಗೆ ಸಿಕ್ಕಿಸಿದರು’ ಎಂಬ ಬಹುವಚನವೇ ಒಳ್ಳೆಯದು, ಎರಡೂ ಅದರೊಳಗೆ ಹಿಡಿಸುತ್ತವೆ.

ಪ್ರೇರಣಾರ್ಥಕದಲ್ಲಿ ಒಂದು ಹೊಂಡವಿದೆ. ‘ತರಿ’ಗೆ ‘ಸು’ ಸೇರಿಸಿದರೆ ‘ತರಿಸು’. ‘ತರು’ವಿಗೆ ಸೇರಿಸಿದರೂ ‘ತರಿಸು’. ‘ಅರಸ ಅವನ ತಲೆ ತರಿಸಿದ’ ಎಂದು ಬರೆದಿರೋ, ಓದುಗನ ಕಣ್ಣಿಗೆ ತಟ್ಟೆಯಲ್ಲಿ ಇಟ್ಟುಕೊಂಡು ಬಂದ ತಲೆ ಕಾಣುತ್ತದೆ. ‘ಕಡಿಸಿದ’ ಎಂದೇ ಬರೆಯಿರಿ. ಬರೆದಮೇಲೆ ಕರಡಿನಲ್ಲಿ ಎರಡು ಸಲ ನೋಡಿ: ಒಂದು ಏತ್ವ ಹೆಚ್ಚಾದರೆ ‘ತಲೆ ಕಡಿಸಿದ’ ಹೋಗಿ ‘ತಲೆ ಕೆಡಿಸಿದ’ ಆಗುತ್ತದೆ, ಎರಡೂ ಸರಿಯಾದ ಕನ್ನಡವಾದ್ದರಿಂದ ಕಾಗುಣಿತ ತಿದ್ದುವ ತಂತ್ರಾಂಶ ಅದನ್ನು ಹಿಡಿಯುವುದಿಲ್ಲ.

‘ಕಡಿ’ಗೂ ಇನ್ನೆರಡು ಮುಖಗಳಿವೆ, ಕಚ್ಚುವುದು ಮತ್ತು ತುರಿಸುವುದು. ‘ಹುಲಿ ತಲೆ ಕಡಿಯಿತು’ ಎಂದರೆ ಹಲ್ಲಿನ ಕೆಲಸ. ‘ತಲೆ ಕಡಿಯುತ್ತಿದೆ’ ಎಂದರೆ ಹೇನು. ಕರ್ತೃವಿಲ್ಲದ ವರ್ತಮಾನ ಕಾಲದಲ್ಲಿ ಈ ಕ್ರಿಯಾಪದವನ್ನು ಇಟ್ಟರೆ ಎಂಥ ಗಂಭೀರ ದೃಶ್ಯವೂ ನಗೆಪಾಟಲು.

ಶಿರಚ್ಛೇದದ ಕಾಗುಣಿತ

ಸಂಸ್ಕೃತದ ‘ಶಿರಸ್’ಗೆ ‘ಛೇದ’ ಸೇರಿದಾಗ ಸಕಾರ ಶಕಾರವಾಗಿ ‘ಶಿರಶ್ಛೇದ’ ಆಗುತ್ತದೆ. ಕನ್ನಡದಲ್ಲಿ ‘ಶಿರ’ ಎಂಬ ಅಕಾರಾಂತ ರೂಪ ನೆಲೆನಿಂತಿರುವುದರಿಂದ ‘ವೃಕ್ಷಚ್ಛಾಯೆ’ಯ ಹಾಗೆ ಚಕಾರ ಬಂದು ‘ಶಿರಚ್ಛೇದ’ವೂ ಆಗಿದೆ. ಪತ್ರಿಕೆಗಳಲ್ಲಿ ಓಡಾಡುವುದು ಈ ಎರಡನೆಯದೇ. ಎರಡರಲ್ಲಿ ಯಾವುದನ್ನಾದರೂ ಹಿಡಿದು ಕೊನೆಯವರೆಗೆ ಅದನ್ನೇ ಇಟ್ಟುಕೊಳ್ಳಿ. ತಪ್ಪಾಗುವುದು ‘ಶಿರಚ್ಚೇದ’ (ಮಹಾಪ್ರಾಣ ಬಿಟ್ಟುಹೋಗಿದೆ), ‘ಶಿರಛ್ಛೇದ’ (ಮಹಾಪ್ರಾಣ ಎರಡು ಸಲ ಬಂದಿದೆ), ‘ಶಿರಛೇದ’ (ಒತ್ತೇ ಇಲ್ಲ). ಕೀಲಿಮಣೆಯಲ್ಲಿ ಮೊದಲು ಚ, ಆಮೇಲೆ ಹಲಂತ, ಆಮೇಲೆ ಛ.

‘ಶಿರಚ್ಛೇದನ’ ಸಹ ಸರಿಯೇ. ‘ಶಿರಚ್ಛೇದಗೊಳಿಸು’, ‘ಶಿರಚ್ಛೇದಕ್ಕೊಳಪಡಿಸು’ ಇವೆಲ್ಲ ಕಚೇರಿಯ ಟಿಪ್ಪಣಿಯ ಭಾಷೆ. ಒಟ್ಟಾರೆ ಈ ಪದದ ಜಾಗ ಶಿಕ್ಷೆಯ ಸಂದರ್ಭ: ತೀರ್ಪು, ಆಜ್ಞೆ, ಸಾರ್ವಜನಿಕ ವಧೆ. ಸೌದಿ ಅರೇಬಿಯಾದ ಮರಣದಂಡನೆಯ ಸುದ್ದಿಗೆ ಅದು ಒಪ್ಪುತ್ತದೆ. ಜಮೀನಿನ ಜಗಳದಲ್ಲಿ ಮಚ್ಚಿನಿಂದ ಆದ ಕೊಲೆಗೆ ಒಪ್ಪುವುದಿಲ್ಲ.

ರುಂಡ ಯಾವುದು, ಮುಂಡ ಯಾವುದು

ಸಂಸ್ಕೃತದಿಂದ ನೇರ ಅನುವಾದ ಮಾಡುವವರು ಎಚ್ಚರವಾಗಿರಬೇಕಾದ ಜಾಗ. ಕನ್ನಡದಲ್ಲಿ ರುಂಡ ಎಂದರೆ ಕಡಿದ ತಲೆ, ಮುಂಡ ಎಂದರೆ ತಲೆ ಹೋದಮೇಲೆ ಉಳಿದ ಮೈ. ಸಂಸ್ಕೃತದಲ್ಲಿ ಬುಡಮೇಲು: ‘ರುಂಡ’ ತಲೆಯಿಲ್ಲದ ದೇಹ, ‘ಮುಂಡ’ ತಲೆ. ಕಾಳಿಯ ಕೊರಳಿನ ‘ಮುಂಡಮಾಲೆ’ ಕನ್ನಡಕ್ಕೆ ಬಂದರೆ ‘ರುಂಡಮಾಲೆ’ ಆಗಬೇಕು. ಹಾಗೇ ಬಿಟ್ಟರೆ ದೇವಿಯ ಕೊರಳಿಗೆ ದೇಹಗಳನ್ನು ನೇತುಹಾಕಿದಂತೆ.

ರುಂಡ ಕಡಿದ ತಲೆಯೇ ಆದ್ದರಿಂದ ಜೀವಂತ ಮನುಷ್ಯನ ಹೆಗಲ ಮೇಲಿರುವುದಕ್ಕೆ ಆ ಹೆಸರಿಲ್ಲ. ‘ಅವನ ರುಂಡ ನೋಯುತ್ತಿತ್ತು’ ಎಂದು ಯಾರೂ ಹೇಳುವುದಿಲ್ಲ. ಅದರ ಜೋಡಿ ಕ್ರಿಯಾಪದ ‘ಚೆಂಡಾಡು’. ಇದು ಒಬ್ಬನ ತಲೆಗಲ್ಲ, ಹಲವರ ತಲೆಗೆ: ‘ಶತ್ರುಗಳ ರುಂಡ ಚೆಂಡಾಡಿದ’. ಉತ್ತರ ಕರ್ನಾಟಕದ ಬೈಗುಳದಲ್ಲಿ ‘ರುಂಡಾ ಚೆಂಡಾಡತೇನಿ’ ಒಬ್ಬನಿಗೇ ಬೀಳುವುದುಂಟು, ಅದು ಸಿಟ್ಟಿನ ಲೆಕ್ಕ. ಈಗ ಈ ಮಾತು ಹೆಚ್ಚು ಕಾಣುವುದು ಕ್ರಿಕೆಟ್ ವರದಿಯಲ್ಲಿ, ಬೌಲರುಗಳನ್ನು ಬ್ಯಾಟ್ಸ್‌ಮನ್ ಚೆಂಡಾಡುವಾಗ. ರಣರಂಗದ ಗಾಂಭೀರ್ಯ ಬೇಕಿದ್ದರೆ ‘ತರಿದೊಟ್ಟಿದ’ ಎನ್ನಿ.

ಉಳಿದ ಮೈಗೆ ‘ಕಬಂಧ’ ಎಂಬ ಪದವೂ ಇದೆ. ರಾಮಾಯಣದ ರಾಕ್ಷಸನ ಹೆಸರೂ ಅದೇ ಆದ್ದರಿಂದ ರಾಮನ ಕಥೆಯ ಆಸುಪಾಸಿನಲ್ಲಿ ಬಳಸದಿರುವುದು ಮೇಲು. ಹಳಗನ್ನಡದ ‘ಅಟ್ಟೆ’ ಇದೇ ಅರ್ಥದ ಅಚ್ಚಗನ್ನಡ ಪದ. ಟಿಪ್ಪಣಿಯಿಲ್ಲದೆ ಇಂದು ಯಾರಿಗೂ ತಿಳಿಯದು, ಚಪ್ಪಲಿಯ ಅಟ್ಟೆ ನೆನಪಾದೀತು.

ಹಳಗನ್ನಡದ ದನಿ ಬೇಕಿದ್ದರೆ

ಐತಿಹಾಸಿಕ ಕಾದಂಬರಿಗೆ, ನಾಟಕಕ್ಕೆ ಹಳೆಯ ಲೇಪ ಬೇಕೆನ್ನುವವರು ‘ಅರಿ’ಯತ್ತ ಕೈಚಾಚುತ್ತಾರೆ. ಹಳಗನ್ನಡದಲ್ಲಿ ಸಾಮಾನ್ಯ ರೇಫೆಯ ‘ಅರಿ’ ಎಂದರೆ ಕತ್ತರಿಸು, ಶಕಟರೇಫೆಯ ‘ಅಱಿ’ ಎಂದರೆ ತಿಳಿ. ಶಕಟರೇಫೆ ಬಳಕೆಯಿಂದ ಬಿದ್ದುಹೋದಮೇಲೆ ಎರಡೂ ಒಂದೇ ಆದವು, ತಿಳಿಯುವ ಅರ್ಥವೇ ಗೆದ್ದಿತು. ಇಂದಿನ ಓದುಗನಿಗೆ ‘ವೈರಿಯ ತಲೆಯನರಿದ’ ಎಂದರೆ ವೈರಿಯ ಮನಸ್ಸನ್ನು ಓದಿದ ಎಂದು ತೋರಬಹುದು. ಪಕ್ಕದಲ್ಲಿ ಕತ್ತಿಯನ್ನೋ ರಕ್ತವನ್ನೋ ತಂದು ಅರ್ಥವನ್ನು ಗಟ್ಟಿಮಾಡಿ, ಇಲ್ಲವಾದರೆ ಕೈಬಿಡಿ. ‘ತರಿ’ ಸಹ ಹಿಂದೆ ಶಕಟರೇಫೆಯದೇ, ‘ತಱಿ’. ಅದರ ಅರ್ಥ ಮಾತ್ರ ಹಾಳಾಗದೆ ಉಳಿದಿದೆ, ಹಾಗಾಗಿ ಹಳೆಯ ದನಿಗೆ ಅದೇ ಭದ್ರ.

ಸಮಾಸ ಮಾಡುವುದಾದರೆ ಕ್ರಿಯಾಸಮಾಸದ ನಿಯಮದಂತೆ ಕಕಾರ ಗಕಾರವಾಗುತ್ತದೆ: ತಲೆಗಡಿ, ಕೊರಳ್ಗೊಯ್. ಬಿಡಿಸಿ ಬರೆದರೆ ‘ತಲೆ ಕಡಿ’. ‘ತಲೆ ಗಡಿದ’ ಎಂದು ಬಿಡಿಸಿಯೂ ಬರೆದು ಗಕಾರವನ್ನೂ ಇಟ್ಟರೆ ಎರಡೂ ಕೆಟ್ಟವು.

ತಾನಾಗಿ ಕೊಟ್ಟ ತಲೆ

ಕರ್ನಾಟಕದ ಸ್ಮಾರಕ ಶಿಲೆಗಳ ಬಗ್ಗೆ ಬರೆಯುವಾಗ ಮೇಲಿನ ಯಾವ ಕ್ರಿಯಾಪದವೂ ಸಾಲದು. ‘ಸಿಡಿತಲೆ’ ಎಂಬ ಹಿಂದಿನ ಪದ್ಧತಿಯಲ್ಲಿ ಹರಕೆ ಹೊತ್ತವನು ಕೂತು, ಬಗ್ಗಿಸಿದ ಬಿದಿರ ಗಳೆಯ ತುದಿಗೆ ಜುಟ್ಟನ್ನು ಕಟ್ಟಿಸಿಕೊಳ್ಳುತ್ತಿದ್ದ. ಕತ್ತು ಕಡಿದ ಕ್ಷಣ ಗಳೆ ಸೆಟೆದು ತಲೆ ಮೇಲಕ್ಕೆ ಸಿಡಿಯುತ್ತಿತ್ತು. ಹೆಸರಿನ ಅರ್ಧ ಬಂದಿರುವುದೇ ಆ ಸಿಡಿತದಿಂದ. ಇಲ್ಲಿ ಬಲಿಯಾದವನೇ ಕರ್ತೃ. ಆದ್ದರಿಂದ ‘ಸಿಡಿತಲೆಗೊಟ್ಟ’, ‘ತಲೆಗೊಟ್ಟ’ ಎಂದು ಬರೆಯಬೇಕು. ‘ಅವನ ಶಿರಚ್ಛೇದವಾಯಿತು’ ಎಂದರೆ ಹರಕೆ ಶಿಕ್ಷೆಯಾಗಿಬಿಡುತ್ತದೆ.

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಕಂಬ ಇನ್ನೂ ಒಂದು ಹೆಜ್ಜೆ ಮುಂದಿನದು. ವೀರಬಲ್ಲಾಳನ ಸಾವಿನ ಬೆನ್ನಿಗೆ ಪ್ರಾಣ ಬಿಟ್ಟ ಕುವರ ಲಕ್ಷ್ಮ ಮತ್ತು ಅವನ ಸಂಗಡಿಗರ ನೆನಪಿಗೆ ನಿಲ್ಲಿಸಿದ ಆ ಕಂಬದ ಮೇಲೆ ತಮ್ಮ ತಲೆಯನ್ನು ತಾವೇ ಕಡಿದುಕೊಳ್ಳುವ ವೀರರ ಶಿಲ್ಪಗಳಿವೆ. ಇವರು ‘ಗರುಡ’ರು, ಅಂದರೆ ಅರಸನ ಜೊತೆಗೇ ಪ್ರಾಣ ಬಿಡುವ ಪಣ ತೊಟ್ಟ ಅಂಗರಕ್ಷಕರು. ಇಲ್ಲಿ ‘ಕೊಳ್ಳು’ ಎಂಬ ಸಹಾಯಕ ಕ್ರಿಯೆ ಬೇಕೇಬೇಕು: ‘ಕಡಿದುಕೊಂಡರು’, ‘ಅರಿದುಕೊಂಡರು’. ‘ಕೊಯ್ದುಕೊಂಡರು’ ಎಂದರೆ ತರಕಾರಿ ಹೆಚ್ಚುವಾಗ ಬೆರಳು ಕೊಯ್ದುಕೊಂಡಂತೆ ಅರಿಯದೆ ಆದದ್ದೆಂಬ ಛಾಯೆ ಸುಳಿಯಬಹುದು.

ತಲೆದಂಡ

ತಪ್ಪಿಗೆ ತಲೆಯನ್ನೇ ದಂಡವಾಗಿ ತೆರುವುದು ಇದರ ಮೂಲ ಅರ್ಥ. ಪತ್ರಿಕೆಯ ತಲೆಬರಹದಲ್ಲಿ ಇಂದು ಇದಕ್ಕೆ ಒಂದೇ ಅರ್ಥ: ಕುರ್ಚಿ ಹೋಯಿತು. ಸಚಿವರ ತಲೆದಂಡ, ಆಯುಕ್ತರ ತಲೆದಂಡ, ಸೋತ ತಂಡದ ತರಬೇತುದಾರನ ತಲೆದಂಡ. ನಿಜವಾಗಿ ತಲೆ ಕಡಿದ ಸುದ್ದಿಗೆ ಈ ಪದ ಹಾಕಿದರೆ ಓದುಗ ರಾಜೀನಾಮೆ ಎಂದುಕೊಂಡು ಪುಟ ತಿರುಗಿಸುತ್ತಾನೆ. ‘ತಲೆ ಉರುಳಿತು’ ಸಹ ಅದೇ ದಾರಿ ಹಿಡಿದಿದೆ. ಬಳಸುವಾಗ ‘ತಲೆದಂಡ ತೆತ್ತ’, ‘ತಲೆದಂಡವಾಯಿತು’. ‘ತಲೆದಂಡ ಮಾಡಿದ’ ಅಷ್ಟು ಹೊಂದುವುದಿಲ್ಲ.

ಇದೇ ಸಾಲಿಗೆ ‘ಗಿಲೋಟಿನ್’ ಕೂಡ ಸೇರುತ್ತದೆ. ಫ್ರಾನ್ಸಿನಲ್ಲಿ ಆ ಯಂತ್ರ ಮೊದಲು ಕೆಲಸ ಮಾಡಿದ್ದು 1792ರ ಏಪ್ರಿಲ್ 25ರಂದು. ಹೆಸರು ಡಾ. ಗಿಲೋಟಿನ್‌ರದಾದರೂ ವಿನ್ಯಾಸ ಶಸ್ತ್ರವೈದ್ಯ ಆಂತ್ವಾನ್ ಲೂಯಿಯದು. ಮೊದಮೊದಲು ಜನ ಅದನ್ನು ‘ಲೂಯಿಸೆಟ್’ ಎಂದೂ ಕರೆದರು. ಯಂತ್ರದ ಅಲಗು ತನ್ನ ಭಾರಕ್ಕೆ ತಾನೇ ಬೀಳುತ್ತದೆ, ಬೀಸುವ ತೋಳಿಲ್ಲ, ಹಾಗಾಗಿ ‘ಗಿಲೋಟಿನ್‌ನಿಂದ ಕಡಿದರು’ ಎನ್ನುವುದಕ್ಕಿಂತ ‘ಗಿಲೋಟಿನ್‌ಗೆ ತಲೆ ಕೊಡಬೇಕಾಯಿತು’, ‘ಗಿಲೋಟಿನ್ ತಲೆ ಕತ್ತರಿಸಿತು’ ಎಂಬುದು ಮೇಲು. ಬಜೆಟ್ ಅಧಿವೇಶನದಲ್ಲಿ ಅನುದಾನದ ಬೇಡಿಕೆಗಳನ್ನು ಚರ್ಚೆಯಿಲ್ಲದೆ ಒಟ್ಟಿಗೆ ಮತಕ್ಕೆ ಹಾಕುವುದಕ್ಕೂ ಲೋಕಸಭೆಯಲ್ಲಿ ಗಿಲೋಟಿನ್ ಎಂದೇ ಹೆಸರು. ಅದನ್ನು ಅನುವಾದಿಸಲು ಹೋಗದೆ ‘ಚರ್ಚೆಯಿಲ್ಲದೆ ಅಂಗೀಕಾರ’ ಎಂದು ಬರೆದು ಮುಗಿಸಿ.

ಯುರೋಪಿನ ಚರಿತ್ರೆಯನ್ನು ಕನ್ನಡಕ್ಕೆ ತರುವಾಗ

ಆಯುಧದ ನಿಯಮ ಅಲ್ಲೂ ಕೆಲಸಕ್ಕೆ ಬರುತ್ತದೆ. 1536ರ ಮೇ 19ರಂದು ಇಂಗ್ಲೆಂಡಿನ ರಾಣಿ ಆನ್ ಬೊಲಿನ್‌ಳ ತಲೆ ಹೋದದ್ದು ಕತ್ತಿಗೆ, ಒಂದೇ ಬೀಸಿಗೆ, ‘ಹಾರಿಸಿದ’ ಎನ್ನಬಹುದು. 1587ರ ಫೆಬ್ರುವರಿ 8ರಂದು ಸ್ಕಾಟ್ಲೆಂಡಿನ ರಾಣಿ ಮೇರಿಯದು ಕೊಡಲಿಗೆ, ಮೊದಲ ಏಟು ತಲೆಯ ಹಿಂಭಾಗಕ್ಕೆ ಬಿದ್ದು ಮತ್ತೆ ಎತ್ತಬೇಕಾಯಿತು. ಅಲ್ಲಿ ‘ಹಾರಿಸಿದ’ ಸುಳ್ಳಾಗುತ್ತದೆ, ‘ಕಡಿದ’ ಸರಿ. ಇಬ್ಬರಿಗೂ ‘ಶಿರಚ್ಛೇದ’ ತಪ್ಪಲ್ಲ, ಇಬ್ಬರದೂ ಶಿಕ್ಷೆಯೇ. ಅಧ್ಯಾಯದ ಹೆಸರಿಗೆ ಅದನ್ನು ಇಟ್ಟು, ದೃಶ್ಯದೊಳಗೆ ಕನ್ನಡದ ಕ್ರಿಯಾಪದ ಬಳಸುವುದು ಒಳ್ಳೆಯ ಹಂಚಿಕೆ.

ಡಿಕೊಲೇಟ್ ಪದ ಇಂಗ್ಲಿಷಿನಲ್ಲಿ ಈಗ ಮುಖ್ಯವಾಗಿ ಕಾಣುವುದು ಚರ್ಚಿನ ಪಂಚಾಂಗದ ಸುತ್ತ, ಆಗಸ್ಟ್ 29ರ ಸ್ನಾನಿಕ ಯೊವಾನ್ನರ (ಜಾನ್ ದ ಬ್ಯಾಪ್ಟಿಸ್ಟ್) ಸ್ಮರಣೆಯ ಹೆಸರಿನಲ್ಲಿ. ಅಲ್ಲಿ ‘ಶಿರಚ್ಛೇದನ’ ಸಾಕು. ಕಾರ್ಬನ್ ಹಾಳೆಯ ಉದ್ದುದ್ದ ಕಂಪ್ಯೂಟರ್ ಕಾಗದದ ಪ್ರತಿಗಳನ್ನು ಬೇರೆಬೇರೆ ಮಾಡುವುದಕ್ಕೂ ಅದೇ ಸ್ಪೆಲಿಂಗಿನ ಕ್ರಿಯಾಪದವಿದೆ. ಹಳೆಯ ಯಂತ್ರದ ಕೈಪಿಡಿ ಅನುವಾದಿಸುವಾಗ ಅದು ಎದುರಾದರೆ ಕಾಗದದ ತಲೆ ಕಡಿಯಬೇಡಿ, ‘ಪ್ರತಿ ಬಿಡಿಸು’ ಎನ್ನಿ.

ಅಡುಗೆಮನೆ, ಹೊಲ

ಇಲ್ಲಿ ಸಂಸ್ಕೃತ ಕಾಲಿಡುವುದೇ ಇಲ್ಲ. ಮೀನಿನ ತಲೆ ‘ತೆಗೆಯುತ್ತಾರೆ’, ಸಿಗಡಿಯ ತಲೆ ‘ಮುರಿಯುತ್ತಾರೆ’, ಸಣ್ಣ ಮೀನಿನದನ್ನು ಬೆರಳಲ್ಲೇ ‘ಚಿವುಟುತ್ತಾರೆ’. ಕೋಳಿ ‘ಕೊಯ್ಯುವುದು’, ಜಾತ್ರೆಯ ಕೋಣ ‘ಕಡಿಯುವುದು’. ಒಂದು ಚೂರಿಯದು, ಇನ್ನೊಂದು ಒಂದೇ ಏಟಿನದು. ಗಿಡದ ಬೆಳವಣಿಗೆ ತಡೆದು ಕವಲೊಡೆಸಲು ‘ಕುಡಿ ಚಿವುಟು’. ರಾಗಿ ತೆನೆ ಕೊಯ್ಯುವುದು, ಜೋಳದ ತೆನೆ ಮುರಿಯುವುದು, ಅಡಿಕೆಯ ಕೊನೆ ಕೊಯ್ಯುವುದು. ಕೃಷಿ ಲೇಖನದಲ್ಲಿ ‘ಸಸ್ಯದ ಶಿರಭಾಗವನ್ನು ಛೇದಿಸಬೇಕು’ ಎಂದು ಕಂಡರೆ ಅದನ್ನು ‘ಕುಡಿ ಚಿವುಟಬೇಕು’ ಎಂದು ತಿದ್ದಿ, ಎಷ್ಟು ಎಲೆ ಬಿಟ್ಟು ಚಿವುಟಬೇಕೆಂಬುದನ್ನು ಬರೆದವರಿಂದ ಕೇಳಿ ಸೇರಿಸಿ.